ಉತ್ತರದ ಗೋಡೆಗೆ ಒಂದು ಮಿಕ್ಸಿ

ನ್ಯಾಮತಿಯ ನಮ್ಮ ಮನೆಯಲ್ಲಿ ಪ್ರೆಷರ್ ಕುಕ್ಕರ್ ಇರುತ್ತಿದ್ದದ್ದು ಪಡಸಾಲೆಯ ಮಂಚದ ಕೆಳಗೆ, ಅಪ್ಪನ ಕ್ಯಾನ್ವಾಸ್ ಶೂಗಳಿಂದ ಒಂದು ಗೇಣು ದೂರದಲ್ಲಿ. ಆ ಒಂದು ಗೇಣಿನ ಅಂತರವನ್ನು ಅಮ್ಮ ದಿನವೂ ಬಗ್ಗಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಇಡ್ಲಿ ಸ್ಟ್ಯಾಂಡು ಅಪ್ಪನ ಕಾಲೇಜಿನ ಪುಸ್ತಕಗಳಿದ್ದ ಟ್ರಂಕಿನಲ್ಲಿ, ಸೀಮೆಎಣ್ಣೆಯ ಪಂಪ್ ಸ್ಟೌ ಕಿಟಕಿಯ ಮೇಲೆ, ಶಾವಿಗೆ ಒತ್ತುವ ಮಿಷನ್ನು ಒಳಕೋಣೆಯ ತೊಟ್ಟಿಲಿನ ಕೊಂಡಿಯಲ್ಲಿ. ನಾನು ತೊಟ್ಟಿಲು ಬಿಟ್ಟು ಏಳೆಂಟು ವರ್ಷಗಳಾಗಿದ್ದವು, ಆ ಕೊಂಡಿಗೆ ಬೇರೆ ಕೆಲಸವೇ ಬಂದಿರಲಿಲ್ಲ. ಇನ್ನೊಂದು ಕೂಸು ಯಾವಾಗ ಎಂದು ಅಜ್ಜಿ ಕೇಳಿದಾಗಲೆಲ್ಲ ಅಮ್ಮ ಮೇಲೆ ನೋಡಿ, "ಶಾವಿಗೆ ಮಿಷನ್ ಎಲ್ಲಿಡಲಿ ಅತ್ತೆ" ಎನ್ನುತ್ತಿದ್ದಳು. ಒಮ್ಮೆ ಅಪ್ಪ ಕೆಲಸ ಮಾಡುತ್ತಿದ್ದ ಚನ್ನಗಿರಿಯ ಶಾಲೆಯ ಹೆಡ್‌ಮಾಸ್ತರು ನಮ್ಮ ಮನೆಗೆ ಬಂದರು. ಮಂಚದ ಮೇಲೆ ಕೂತು ಕಾಲು ಅಲ್ಲಾಡಿಸುವ ಅಭ್ಯಾಸ ಅವರದು. ಹಿಮ್ಮಡಿ ತಾಗಿದಾಗಲೆಲ್ಲ ಕೆಳಗಿನಿಂದ ಠಣ್ ಎಂದು ಸದ್ದು ಬರುತ್ತಿತ್ತು. ಅವರು ಪ್ರತಿ ಸಲ ಮಾತು ನಿಲ್ಲಿಸಿ ಅಪ್ಪನ ಮುಖ ನೋಡುತ್ತಿದ್ದರು. ಅಪ್ಪ ಗೋಡೆ ನೋಡುತ್ತಿದ್ದರು. ಅದು ಕುಕ್ಕರ್ ಎಂದು ಯಾರೂ ಅವರಿಗೆ ಹೇಳಲಿಲ್ಲ.

ಇದನ್ನೆಲ್ಲ ಕೇಳಿದವರಿಗೆ ನಮ್ಮದು ಚಿಕ್ಕ ಅಡುಗೆಮನೆ ಎನ್ನಿಸಬಹುದು. ಹಾಗೇನಿರಲಿಲ್ಲ. ನಮ್ಮ ಕೇರಿಯಲ್ಲೇ ಉದ್ದದ ಅಡುಗೆಮನೆ ನಮ್ಮದು. ಪೂರ್ವಕ್ಕೆ ಎರಡು ಒಲೆ, ದಕ್ಷಿಣಕ್ಕೆ ದೇವರ ಜಗಲಿ, ಪಶ್ಚಿಮಕ್ಕೆ ಬಚ್ಚಲಿಗೆ ಹೋಗುವ ಬಾಗಿಲು. ಉಳಿದದ್ದು ಉತ್ತರದ ಗೋಡೆ. ಅಲ್ಲಿ ಆ ತುದಿಯಿಂದ ಈ ತುದಿಯವರೆಗೆ ಇದ್ದವು ಕೇರಿಯ ಪಾತ್ರೆಗಳು: ತಾಮ್ರದ ಕೊಪ್ಪರಿಗೆ ಮೂರು, ಹಿತ್ತಾಳೆ ಹಂಡೆ ಐದು, ನಾನು ಒಳಗೆ ಕೂತು ಬಚ್ಚಿಟ್ಟುಕೊಳ್ಳಬಹುದಾದ ಬಾಣಲೆ ಒಂದು, ನನ್ನಷ್ಟೇ ಎತ್ತರದ ಸೌಟುಗಳು ಆರು. ಹಿಂದೊಮ್ಮೆ ಕೇರಿಯವರೆಲ್ಲ ಸೇರಿ ಮದುವೆ ಮುಂಜಿಗೆಂದು ಕೊಂಡ ಪಾತ್ರೆಗಳು ಅವು. ಎಲ್ಲಿಡುವುದು ಎಂಬ ಮಾತು ಬಂದಾಗ ಅಜ್ಜಿ ನಮ್ಮ ಮನೆಯಲ್ಲಿ ಎಂದಳಂತೆ. ಅಲ್ಲಿಂದ ನಮ್ಮ ಮನೆಗೆ ಕೊಪ್ಪರಿಗೆ ಮನೆ ಎಂದೇ ಹೆಸರಾಯಿತು.

ಈ ಹೆಸರು ಅಜ್ಜಿಗೆ ಎಷ್ಟು ಮುಖ್ಯವಾಗಿತ್ತು ಎಂಬುದು ನನಗೆ ಆಗ ಅರ್ಥವಾಗುತ್ತಿರಲಿಲ್ಲ. ಕೇರಿಯಲ್ಲಿ ಯಾವ ಮನೆಯ ಮದುವೆಯಾದರೂ ಹುಡುಗಿಯ ತಂದೆ ಮೊದಲು ಬರುತ್ತಿದ್ದದ್ದು ನಮ್ಮ ಜಗುಲಿಗೆ. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಅಜ್ಜಿಗೆ ಗಂಡಿನ ಊರು, ಬೀಗರ ಬಾಯಿ, ಊಟಕ್ಕೆ ಎಷ್ಟು ಪಂಕ್ತಿ, ಎಲ್ಲ ತಿಳಿದಿರುತ್ತಿತ್ತು. ಕೊಪ್ಪರಿಗೆ ಎಷ್ಟು ಬೇಕು ಎಂಬುದರ ಮೇಲೆ ಅವಳು ಮನುಷ್ಯನ ಯೋಗ್ಯತೆ ಅಳೆಯುತ್ತಿದ್ದಳು. ಪಾತ್ರೆ ಕಳಿಸಲು ಅವಳದೊಂದು ಕಟ್ಟುನಿಟ್ಟಿತ್ತು. ಮದುವೆ ಮನೆಗೆ ಬರಿದಾದ ಪಾತ್ರೆ ಹೋಗಕೂಡದು. ಹಂಡೆಗೊಂದು ಹಿಡಿ ಅಕ್ಕಿ, ಬಾಣಲೆಗೊಂದು ತೆಂಗಿನಕಾಯಿ, ಕೊಪ್ಪರಿಗೆಗೊಂದು ಅಚ್ಚು ಬೆಲ್ಲ ಹಾಕಿಯೇ ಕಳಿಸುತ್ತಿದ್ದಳು. ಪಡೆದವರೂ ಬರಿದಾಗಿ ಹಿಂದಿರುಗಿಸುವಂತಿರಲಿಲ್ಲ. ನನ್ನ ಬಾಲ್ಯದ ಬೂಂದಿ, ಲಾಡು, ಚಿರೋಟಿಗಳೆಲ್ಲ ಕೊಪ್ಪರಿಗೆಯ ತಳದಿಂದ, ಒಳಕ್ಕೆ ಬಗ್ಗಿ, ಕಾಲು ಗಾಳಿಯಲ್ಲಿ ಬಿಟ್ಟು ತೆಗೆದುಕೊಂಡವು.

ಅಮ್ಮ ಹೊನ್ನಾಳಿಯವಳು. ಮಾತು ಕಡಿಮೆ, ಹೇಳಿದ್ದನ್ನು ಎರಡನೇ ಸಲ ಹೇಳುವುದಿಲ್ಲ. ಅವಳ ಅಣ್ಣ ದಾವಣಗೆರೆಯಲ್ಲಿದ್ದ. ಅವನು ಒಂದು ಯುಗಾದಿಗೆ ತಂಗಿಗೆಂದು ಮಿಕ್ಸಿ ತಂದುಕೊಟ್ಟ. ಮೂರು ಜಾರಿನದು, ಕ್ರೀಮ್ ಬಣ್ಣದ್ದು. ನಮ್ಮ ಕೇರಿಗೆ ಬಂದ ಮೊದಲ ಮಿಕ್ಸಿ. ಅಮ್ಮ ಅದನ್ನು ಡಬ್ಬದಿಂದ ತೆಗೆದು, ನೆಲದ ಮೇಲಿಟ್ಟು, ಸುತ್ತ ಒಂದು ಸಲ ನಡೆದು ನೋಡಿದಳು. ಅಷ್ಟು ಹೊತ್ತು ಅವಳು ಯಾವುದನ್ನೂ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ತಲೆ ಎತ್ತಿ ಅಡುಗೆಮನೆಯ ನಾಲ್ಕು ಗೋಡೆಗಳನ್ನು ನೋಡಿದಳು. ಅಲ್ಲಿಂದ ಶುರುವಾಯಿತು.

ಅಪ್ಪ ಚನ್ನಗಿರಿಯಲ್ಲಿ ರೂಮು ಮಾಡಿಕೊಂಡಿದ್ದು ಶನಿವಾರ ಸಂಜೆ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ಮನೆಯ ಸಮಸ್ಯೆಗಳೆಲ್ಲ ಅವರಿಗೆ ಭಾನುವಾರ ಪರಿಹಾರವಾಗುತ್ತಿದ್ದವು, ಅಂದರೆ ಬಾಯಲ್ಲಿ. ಗೋಡೆಗೆ ಹಲಗೆ ಹೊಡೆಸುವುದೆಂದು ನಾಲ್ಕು ಭಾನುವಾರ ಗೇಣು ಹಾಕಿ ಅಳೆದರು. ನಾಲ್ಕು ಸಲವೂ ಬೇರೆ ಬೇರೆ ಅಳತೆ ಬಂತು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ತೋರಿಸಿದ್ದಕ್ಕೆ "ನೀನು ಸುಮ್ನಿರು" ಎಂದರು. ಐದನೇ ಭಾನುವಾರ ಹಲಗೆ ಬಿಟ್ಟು ಕರೆಂಟಿನವನನ್ನು ಕರೆತಂದರು. ಮಿಕ್ಸಿಗೆ ಮೂರು ಕಡ್ಡಿಯ ಪ್ಲಗ್ಗು ಬೇಕಲ್ಲ. ಒಲೆಯ ಗೋಡೆ ಬಿಸಿ, ದೇವರ ಗೋಡೆಗೆ ಮೊಳೆ ಹೊಡೆಯಲು ಅಜ್ಜಿ ಬಿಡಲಿಲ್ಲ, ಬಚ್ಚಲ ಗೋಡೆ ತೇವ. ಅವನು ಕೊಪ್ಪರಿಗೆಗಳ ಹಿಂದೆ ಕೈತೂರಿಸಿ, ಉತ್ತರದ ಗೋಡೆಗೇ ಪ್ಲಗ್ಗು ಕೂರಿಸಿ, ತಲೆಯ ಮೇಲಿನ ಜೇಡರಬಲೆ ಒರೆಸಿಕೊಳ್ಳುತ್ತ ಹೋದ. ಹೀಗೆ ಮನೆಯಲ್ಲಿ ಮಿಕ್ಸಿ ಇತ್ತು, ಅದಕ್ಕೆ ಪ್ಲಗ್ಗೂ ಇತ್ತು, ನಡುವೆ ಇಡೀ ಕೇರಿಯ ಪಾತ್ರೆಗಳಿದ್ದವು.

ಅಮ್ಮ ಚಟ್ನಿ ಅರೆಯಬೇಕೆಂದರೆ ಮೊದಲು ಸಣ್ಣ ಹಂಡೆಗಳೆರಡನ್ನು ಬಾಗಿಲ ಹತ್ತಿರ ಉರುಳಿಸಬೇಕು, ಸೌಟುಗಳನ್ನು ಒರಗಿಸಬೇಕು, ಒಂದು ಕೊಪ್ಪರಿಗೆಯನ್ನು ನಾನೂ ಅವಳೂ ಸೇರಿ ಎಳೆಯಬೇಕು. ಚಟ್ನಿ ಒಂದು ನಿಮಿಷದಲ್ಲಿ ಆಗುತ್ತಿತ್ತು. ಚಟ್ನಿಯ ತನಕ ತಲುಪಲು ಇಪ್ಪತ್ತು ನಿಮಿಷ. ಅಜ್ಜಿ ಅಷ್ಟರಲ್ಲಿ ಒರಳಿನಲ್ಲಿ ರುಬ್ಬಿ ಮುಗಿಸಿ ಕೈ ತೊಳೆದುಕೊಂಡು ನೋಡುತ್ತ ನಿಂತಿರುತ್ತಿದ್ದಳು. ಅಮ್ಮ ಒಂದು ದಿನ ಕೇಳಿಯೇ ಬಿಟ್ಟಳು.

"ಅತ್ತೆ, ಒಂದು ಕೊಪ್ಪರಿಗೆ ಹಿತ್ತಿಲ ಕೊಟ್ಟಿಗ್ಯಾಗೆ ಇಡಾಣ. ನಂಗೆ ಒಂದು ಮೊಳ ಜಾಗ ಸಾಕು."

"ಕೇರಿ ಪಾತ್ರೆ ಅದು. ಕೊಟ್ಟಿಗ್ಯಾಗೆ ಇಟ್ರೆ ಕೇರಿನ ತಗಂಡೋಗಿ ಕೊಟ್ಟಿಗ್ಯಾಗೆ ಇಟ್ಟಂಗೆ."

"ಮತ್ತೆ ಮಿಕ್ಸಿ ಎಲ್ಲಿಡಾಕೆ ಹೇಳ್ತೀರಿ?"

"ನಿಮ್ಮಣ್ಣನ್ನ ಕೇಳು. ತಂದುಕೊಡೋನು ಜಾಗನೂ ತಂದುಕೊಡಬೇಕಿತ್ತು."

ಅಮ್ಮ ಮತ್ತೆ ಕೇಳಲಿಲ್ಲ. ಅವಳು ಮಿಕ್ಸಿಯನ್ನು ಅದರ ಡಬ್ಬಕ್ಕೇ ಹಾಕಿ, ಡಬ್ಬಕ್ಕೆ ಹೊಸ ಟವೆಲ್ಲು ಸುತ್ತಿ, ಮಧ್ಯದ ಕೊಪ್ಪರಿಗೆಯೊಳಗೆ ಇಳಿಸಿ ಮೇಲೆ ತಟ್ಟೆ ಮುಚ್ಚಿದಳು. ಇಲಿ ಬರುವುದಿಲ್ಲ, ಮಸಿ ಕೂರುವುದಿಲ್ಲ, ಜಾಗವನ್ನು ಯಾರನ್ನೂ ಕೇಳಬೇಕಿಲ್ಲ. ಕೆಲವೇ ವಾರಗಳಲ್ಲಿ ಮಂಚದ ಕೆಳಗಿನ ಕುಕ್ಕರು ಒಂದು ಹಂಡೆಗೆ ಬಂತು, ಇಡ್ಲಿ ಸ್ಟ್ಯಾಂಡು ಇನ್ನೊಂದಕ್ಕೆ. ಕೇರಿಯ ಪಾತ್ರೆಗಳನ್ನೇ ಅಮ್ಮ ಬೀರು ಮಾಡಿಕೊಂಡಳು. ಅಜ್ಜಿಗೆ ಇದು ಕಾಣದೆ ಇರಲಿಲ್ಲ. ಆದರೆ ಪಾತ್ರೆ ಅಲ್ಲಾಡದಿರುವಷ್ಟು ದಿನ ಒಳಗೇನಿದೆ ಎಂಬುದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಇದ್ದಳು. ಯಾವುದರಲ್ಲಿ ಏನಿದೆ ಎಂದು ನೆನಪಿಟ್ಟುಕೊಳ್ಳುವುದು, ಮದುವೆಯವರು ಕೇಳಲು ಬಂದರೆ ಹಿಂದಿನ ದಿನವೇ ಎಲ್ಲ ತೆಗೆದಿಡುವುದು ನನ್ನ ಕೆಲಸವಾಯಿತು. ನನಗೆ ಹತ್ತು ವರ್ಷ. ಇಂಥ ಕೆಲಸ ನನಗೆ ಇಷ್ಟ. ನಾನು ಯಾವತ್ತೂ ತಪ್ಪಿರಲಿಲ್ಲ.

ನಾಲ್ಕು ಮನೆ ಆಚೆಗಿನ ಬಸಣ್ಣ ಮಾಮನ ಮಗಳು ಗಿರಿಜಕ್ಕನ ಮದುವೆ ಗೊತ್ತಾಯಿತು. ಗಂಡು ಜಗಳೂರಿನವನು. ಪಾತ್ರೆ ಒಯ್ಯಲು ಬುಧವಾರ ಬರುವುದಾಗಿ ಮಾತಾಗಿತ್ತು. ಅಮ್ಮ ತನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರೆಂದು ಹೊನ್ನಾಳಿಗೆ ಹೋಗಿದ್ದಳು. ಮದುವೆಯ ದಿನ ಬೆಳಿಗ್ಗೆ ನೇರವಾಗಿ ಚಪ್ಪರಕ್ಕೇ ಬರುವವಳಿದ್ದಳು. ಮಂಗಳವಾರ ಮಧ್ಯಾಹ್ನ ನಾನು ಕುಕ್ಕರನ್ನೂ ಇಡ್ಲಿ ಸ್ಟ್ಯಾಂಡನ್ನೂ ತೆಗೆದು ಮಂಚದ ಕೆಳಗಿಟ್ಟು ಮಿಕ್ಸಿಗೆ ಬರುತ್ತಿದ್ದೆ. ಅಷ್ಟರಲ್ಲಿ ಬಸಣ್ಣ ಮಾಮ ತನ್ನಿಬ್ಬರು ಅಳಿಯಂದಿರೊಂದಿಗೆ ಎತ್ತಿನ ಗಾಡಿ ಹೊಡೆದುಕೊಂಡು ಒಂದು ದಿನ ಮೊದಲೇ ಬಂದ. ಅಜ್ಜಿ ಖುಷಿಯಾಗಿ ಅಕ್ಕಿ, ಕಾಯಿ, ಬೆಲ್ಲ ಹಾಕುತ್ತ ಓಡಾಡಿದಳು. ಆ ಕೊನೆಯ ಕೊಪ್ಪರಿಗೆಗೆ ಬೆಲ್ಲ ಹಾಕಿದಳು, ಈ ಕೊನೆಯದಕ್ಕೂ ಹಾಕಿದಳು, ಮಧ್ಯದ್ದಕ್ಕೆ ತಟ್ಟೆ ಮುಚ್ಚಿದ್ದರಿಂದ ಹಾಕಿಯಾಗಿದೆ ಎಂದುಕೊಂಡಳು.

"ಅಜ್ಜಿ," ಎಂದೆ ನಾನು.

"ಬಸಣ್ಣ, ಬೀಗ್ತಿ ಹೆಂಗದಾಳೆ? ಬಾಯಿ ಜೋರಂತೆ."

"ಅಯ್ಯೋ, ಜೋರು ಅಂದ್ರೆ ಹಂಗಲ್ಲ ದೊಡ್ಡವ್ವ. ಮಾತಾಡಾಕೆ ಶುರು ಮಾಡಿದ್ರೆ ಬಸ್ಸು ತಪ್ಪಿಸಿಕೊಂತೀವಿ, ಅಷ್ಟೇ."

"ಅಜ್ಜಿ, ಅದ್ರಾಗೆ..."

"ಕೂಸೆ, ದೊಡ್ಡೋರು ಮಾತಾಡೋವಾಗ ನಡುವೆ ಬಾಯಿ ಹಾಕಬ್ಯಾಡ."

ನಾನು ಬಾಯಿ ಹಾಕಲಿಲ್ಲ. ಮಾತು ನಿಲ್ಲುವ ತನಕ ಕಾಯುವುದು ಎಂದು ಬಾಗಿಲ ಪಕ್ಕ ಕೈಕಟ್ಟಿ ನಿಂತೆ. ನಮ್ಮ ಅಜ್ಜಿಯ ಮಾತಿಗೆ ನಿಲ್ಲುವ ಜಾಗ ಎಂಬುದಿರಲಿಲ್ಲ. ಅಳಿಯಂದಿರು ಮಧ್ಯದ ಕೊಪ್ಪರಿಗೆ ಎತ್ತುವಾಗ ಒಳಗೇನೋ ಸರಿದ ಸದ್ದಾಯಿತು. ಸೌಟಿರಬೇಕು ಎಂದು ಒಬ್ಬ ಅಂದ. ಗಾಡಿ ಕೇರಿಯ ತಿರುವು ದಾಟಿದ ಮೇಲೆ ಅಜ್ಜಿ ಉಸಿರು ತೆಗೆದುಕೊಂಡಳು. ಆಗ ಹೇಳಿದೆ.

"ಮಧ್ಯದ ಕೊಪ್ಪರಿಗ್ಯಾಗೆ ಮಿಕ್ಸಿ ಐತೆ."

ಅಜ್ಜಿ ಖಾಲಿ ಗೋಡೆಯ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು. ಗಾಡಿ ಹಿಂದೆ ಓಡಿಹೋಗಿ ನಿಲ್ಲಿಸುವುದು, ಎಲ್ಲರೆದುರು ಸೊಸೆಯ ಸಾಮಾನು ಕೇರಿಯ ಪಾತ್ರೆಯಲ್ಲಿತ್ತು ಎಂದು ತೋರಿಸುವುದು ಅವಳಿಗೆ ಸರಿ ಕಾಣಲಿಲ್ಲ. "ಪಾತ್ರೆ ಜೊತಿಗೇ ವಾಪಸ್ ಬರ್ತೈತೆ ಬಿಡು, ಎಲ್ಲಿಗೋಗ್ತೈತೆ," ಎಂದಳು. "ನಿಮ್ಮಮ್ಮಂಗೆ ಹೇಳಬ್ಯಾಡ" ಎಂದೂ ಸೇರಿಸಿದಳು. ಏನನ್ನಿಡಲೂ ಜಾಗವಿಲ್ಲದ ಆ ಮನೆಯಲ್ಲಿ ಆ ಮಾತನ್ನು ನಾನು ಇಟ್ಟುಕೊಂಡೆ. ಈ ಅಧ್ಯಾಯ ಬರೆಯುವವರೆಗೂ ಅದು ಹೊರಗೆ ಬಂದಿಲ್ಲ.

ಮದುವೆಯ ದಿನ ಧಾರೆಯಾದ ಮೇಲೆ ಮುಯ್ಯಿ ಓದುವುದಕ್ಕೆ ಶುರು ಮಾಡಿದರು. ನಮ್ಮ ಕಡೆ ಮದುವೆಗೆ ಯಾರು ಏನು ಉಡುಗೊರೆ ಕೊಟ್ಟರೆಂದು ಮೈಕಿನಲ್ಲಿ ಕೂಗಿ ಹೇಳುವ ಪದ್ಧತಿಯಿತ್ತು. ಕೊಟ್ಟವರು ಕೇಳಿಸಿಕೊಳ್ಳಲಿಕ್ಕೆಂದೇ ಊಟಕ್ಕೆ ತಡಮಾಡುತ್ತಿದ್ದರು. ಸ್ಟೀಲಿನ ಬಿಂದಿಗೆ, ಗೋಡೆ ಗಡಿಯಾರ, ಮತ್ತೆ ಸ್ಟೀಲಿನ ಬಿಂದಿಗೆ, ಆರು ಲೋಟ. ಅಜ್ಜಿ ಮುಂದಿನ ಸಾಲಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು. ಆಗಷ್ಟೇ ಬಸ್ಸಿಳಿದು ಬಂದ ಅಮ್ಮ ನನ್ನ ಪಕ್ಕ ನಿಂತಿದ್ದಳು, ಬ್ಯಾಗು ಇನ್ನೂ ಕೆಳಗಿಟ್ಟಿರಲಿಲ್ಲ.

"ಕೊಪ್ಪರಿಗೆ ಮನೆ ಪಾರ್ವತಮ್ಮನವರಿಂದ," ಎಂದಿತು ಮೈಕು, ಮತ್ತು ಒಂದು ಕ್ಷಣ ಗರಗರ ಎಂದಿತು, "ವಧೂವರರಿಗೆ ಮಿಕ್ಸಿ ಒಂದು. ಮೂರು ಜಾರು."

ಚಪ್ಪರದಲ್ಲಿದ್ದ ಎಲ್ಲ ತಲೆಗಳೂ ಅಜ್ಜಿಯ ಕಡೆ ತಿರುಗಿದವು. ಹಿಂದಿನ ಸಾಲಿನಿಂದ ಒಬ್ಬಾಕೆ "ಮೂರು ಜಾರಂತೆ" ಎಂದು ಕಿವಿ ಕೇಳದ ತನ್ನ ಅತ್ತೆಗೆ ಕೂಗಿ ಹೇಳಿದಳು. ಬಸಣ್ಣ ಮಾಮ ಜನರ ನಡುವೆ ದಾರಿಮಾಡಿಕೊಂಡು ಬಂದು ಅಜ್ಜಿಯ ಕಾಲು ಮುಟ್ಟಿದ.

"ಪಾತ್ರ್ಯಾಗೆ ಬೆಲ್ಲ ಹಾಕಿ ಕಳಿಸ್ತೀರಿ ಅಂತ ಗೊತ್ತಿತ್ತು ದೊಡ್ಡವ್ವ. ಇದು ಗೊತ್ತಿರಲಿಲ್ಲ. ಟವೆಲ್ ಬೇರೆ ಸುತ್ತಿ ಕಳಿಸೀರಿ."

ಅಜ್ಜಿಯ ಬಾಯಲ್ಲಿ ಎಲೆಯಡಿಕೆ ನಿಂತುಹೋಯಿತು. ಅವಳ ಮುಖದಲ್ಲಿ ಗಾಬರಿ ಮೊದಲು ಬಂತು. ಅದರ ಹಿಂದೆಯೇ ಇನ್ನೊಂದು ಬಂತು, ಅದು ಗಾಬರಿಯನ್ನು ಪಕ್ಕಕ್ಕೆ ಸರಿಸಿ ಕೂತುಕೊಂಡಿತು. "ಕೂಸು ಚೆನ್ನಾಗಿರ್ಲಿ," ಎಂದಳು. ಮುಗಿಯಿತು. ಅಮ್ಮ ಬ್ಯಾಗನ್ನು ನಿಧಾನವಾಗಿ ಕೆಳಗಿಟ್ಟಳು.

"ನಮ್ಮ ಮಿಕ್ಸಿ ಎಲ್ಲೈತೆ?" ಎಂದು ನನ್ನನ್ನು ಕೇಳಿದಳು.

"ಮಧ್ಯದ ಕೊಪ್ಪರಿಗ್ಯಾಗೆ."

"ಕೊಪ್ಪರಿಗೆ ಎಲ್ಲೈತೆ?"

ನಾನು ಊಟದ ಪಂಕ್ತಿಯ ಕಡೆ ಕೈ ತೋರಿಸಿದೆ. ಅದರಿಂದ ಸಾರು ಬಡಿಸುತ್ತಿದ್ದರು.

ಭಾನುವಾರ ಅಪ್ಪನಿಗೆ ವಿಷಯ ತಿಳಿಯಿತು. ಬಸಣ್ಣನಿಗೆ ಇದ್ದದ್ದು ಇದ್ದಹಾಗೆ ಹೇಳಿದರಾಯಿತು ಎಂದರು. ಅಜ್ಜಿ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಮೈಕಿನಾಗೆ ಹೇಳಿದ್ದನ್ನ ಹಿಂದಕ್ಕೆ ತಗಳ್ಳಾಕೆ ಆಗ್ತೈತೇನೋ? ಇನ್ನೊಂದು ಮೈಕ್ ತಂದು, ಕೊಟ್ಟಿಲ್ಲ ಅಂತ ಕೂಗಿಸ್ತೀಯಾ?"

"ಸುಮಿತ್ರನ ಅಣ್ಣ ಕೊಟ್ಟಿದ್ದು ಅವ್ವ ಅದು."

"ಇನ್ನೊಂದು ಕೊಡಿಸು ಹಂಗಾರೆ."

ಅಪ್ಪ ಆ ವಿಷಯವನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡರು. ಕೊಪ್ಪರಿಗೆಗಳು ತೊಳೆದು ವಾಪಸ್ ಬಂದವು, ಮಧ್ಯದ್ದರ ತಳದಲ್ಲಿ ಒಂದು ಸೇರು ಬೂಂದಿ ಇತ್ತು. ಅಮ್ಮ ಅದನ್ನು ಮುಟ್ಟಲಿಲ್ಲ. ನಾನು ತಿಂದೆ; ಆದರೆ ಅವಳು ಇಲ್ಲದಾಗ.

ತಿಂಗಳು ಕಳೆದು ಗಿರಿಜಕ್ಕ ತವರಿಗೆ ಬಂದಳು. ಜೊತೆಗೆ ಅವಳ ಅತ್ತೆಯೂ ಜಗಳೂರಿನಿಂದ ಬಂದಿದ್ದರು. ಮಿಕ್ಸಿ ಕೊಟ್ಟ ಮನೆ ನೋಡಬೇಕೆಂದು ನಮ್ಮಲ್ಲಿಗೇ ಮೊದಲು ಬಂದರು. ಬಸಣ್ಣ ಮಾಮ ಹೇಳಿದ್ದು ಸುಳ್ಳಲ್ಲ. ಆಕೆ ಕೂರುವ ಮೊದಲೇ ಶುರು ಮಾಡಿದರು.

"ನಮ್ ಓಣಿಗೆಲ್ಲ ಮೊದಲ್ನೇ ಮಿಕ್ಸಿ ಕಣ್ರೀ ಅದು. ಬಂದ ದಿನಾನೇ ದೇವರ ಜಗಲಿ ಪಕ್ಕ ಮಣೆ ಹಾಕಿ ಇಟ್ವಿ. ಅಲ್ಲಿ ನಮ್ಮ ಉಪ್ಪಿನಕಾಯಿ ಭರಣಿ ಇದ್ವು. ನಮ್ಮ ಅತ್ತೆ ಕಾಲದ್ವು. ತಗಿ ಅತ್ಲಾಗೆ ಅಂದೆ, ಪಡಸಾಲಿಗೆ ಹಾಕ್ದೆ. ವಸ್ತು ಬಂದ ಮ್ಯಾಲೆ ಜಾಗ ಮಾಡಬೇಕಲ್ಲೇನ್ರಿ."

ಅಮ್ಮ ಆಕೆಗೆ ಚಹಾ ಕೊಡುತ್ತಿದ್ದಳು. ಲೋಟ ಕೈಗೆ ಕೊಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, "ಬಂದ ದಿನಾನೇ ಜಾಗ ಮಾಡಿಕೊಟ್ರಲ್ಲ. ಪುಣ್ಯ ಮಾಡಿತ್ತು ಬಿಡ್ರಿ ಅದು," ಎಂದಳು. ಆಕೆಗೆ ಅದು ಹೊಗಳಿಕೆ. ಅಜ್ಜಿ ಚಹಾವನ್ನು ಅರ್ಧಕ್ಕೆ ಬಿಟ್ಟು, ಬಿಸಿಲು ಎಂದು ಜಗುಲಿಯಿಂದ ಒಳಕ್ಕೆ ಹೋದಳು. ಬಿಸಿಲಿರಲಿಲ್ಲ.

ಅಜ್ಜಿಗೆ ನಿಜವಾದ ಕಷ್ಟ ಬಂದದ್ದು ಮುಂದಿನ ಮದುವೆಯಲ್ಲಿ. ಕೊನೆಯ ಮನೆಯ ರುದ್ರಪ್ಪ ಪಾತ್ರೆಗಳನ್ನು ಗಾಡಿಗೆ ಹೇರುವ ಮೊದಲು ಒಂದೊಂದರೊಳಕ್ಕೂ ಬಗ್ಗಿ ನೋಡಿದ.

"ಏನು ಹುಡುಕ್ತೀಯೋ?"

"ಏನಿಲ್ಲಜ್ಜಿ. ಬೆಲ್ಲ ಹಾಕೀರಿ."

"ಹಾಕೀನಿ."

"ಬೆಲ್ಲ ಅಷ್ಟೇ?"

ಅವನ ಮಗಳ ಮುಯ್ಯಿಯಲ್ಲಿ ಕೊಪ್ಪರಿಗೆ ಮನೆಯವರಿಂದ ರವಿಕೆ ಕಣ ಎಂದು ಮೈಕು ಹೇಳಿದಾಗ ಮತ್ತೆ ಎಲ್ಲ ತಲೆಗಳೂ ತಿರುಗಿದವು, ಈ ಸಲ ಬೇರೆ ಥರ. ಬಸಣ್ಣನ ಮಗಳು ಮೇಲೋ ರುದ್ರಪ್ಪನ ಮಗಳು ಮೇಲೋ ಎಂಬ ಚರ್ಚೆ ಬಾವಿಕಟ್ಟೆಯವರೆಗೆ ಹೋಯಿತು. ಪಾತ್ರೆಗಳು ಹಿಂದಿರುಗಿದಾಗ ಹುಣಿಸೆಹಣ್ಣು ಹಾಕಿ ಉಜ್ಜಿರಲಿಲ್ಲ. ನಾನು ಒಳಗೆ ಬಗ್ಗಿ ನೋಡಿದೆ. ಒಂಬತ್ತೂ ಬರಿದು. ಅಜ್ಜಿ ನನ್ನ ಪಕ್ಕ ತಾನೂ ಬಗ್ಗಿ ನೋಡಿದಳು, ಒಂದೊಂದನ್ನೂ, ಕೊನೆಯದರ ತನಕ. ಇಪ್ಪತ್ತು ವರ್ಷ ಕಾಯ್ದುಕೊಂಡಿದ್ದ ಪಾತ್ರೆಗಳು ಅವಳಿಗೆ ಆ ದಿನ ಏನೂ ಕೊಡಲಿಲ್ಲ.

ಅವಳು ಯಾರನ್ನೂ ಕೇಳಲಿಲ್ಲ. ಮಾರನೆಯ ವಾರ ಬಸವಣ್ಣನ ಗುಡಿಯ ಹಿಂದಿನ ಕೋಣೆ ಗುಡಿಸಿಸಿದಳು, ತಾನೇ ಮುಂದೆ ನಿಂತು ಎಲ್ಲವನ್ನೂ ಗಾಡಿಗೆ ಹೇರಿಸಿದಳು. ಇನ್ನು ಮೇಲೆ ಯಾರಿಗೆ ಬೇಕೋ ಅವರು ಪೂಜಾರಿಯನ್ನು ಕೇಳಿ ಒಯ್ಯಲಿ ಎಂದಳು. ಕೊನೆಯ ಕೊಪ್ಪರಿಗೆ ಬಾಗಿಲು ದಾಟುವಾಗ ಪಕ್ಕಕ್ಕೆ ಸರಿದು ನಿಂತು, ಅದು ಹೋದ ಮೇಲೆ ಹೊಸ್ತಿಲನ್ನು ಕಾಲಿನಿಂದ ಒರೆಸಿದಳು. ಆಮೇಲೆ ಅಡುಗೆಮನೆಗೆ ಬಂದು ಅಮ್ಮನಿಗೆ ಹೇಳಿದಳು.

"ತಗ. ಜಾಗ ಜಾಗ ಅಂತಿದ್ದೆಲ್ಲ. ಏನಿಡ್ತೀಯೋ ಇಟ್ಕ."

ಉತ್ತರದ ಗೋಡೆ ನನಗೆ ಪೂರ್ತಿಯಾಗಿ ಕಂಡದ್ದು ಅವತ್ತೇ. ಅರ್ಧದಷ್ಟು ಎತ್ತರಕ್ಕೆ ಸುಣ್ಣ ಹಳೆಯದಾಗಿ ಹಳದಿಗಟ್ಟಿತ್ತು. ನಡುವೆ ಬೆಳ್ಳಗೆ, ಹೊಸದಾಗಿ, ಮೂರು ತೂತಿನ ಪ್ಲಗ್ಗು. ಅದಕ್ಕೆ ಸಿಕ್ಕಿಸಲು ಮನೆಯಲ್ಲಿ ಏನೂ ಇರಲಿಲ್ಲ. ಅಮ್ಮ ನೆಲ ತೊಳೆದಳು. ಕುಕ್ಕರನ್ನು ತರುತ್ತಾಳೆ, ಸ್ಟೌ ತರುತ್ತಾಳೆ, ನಾನು ಎಲ್ಲಿ ಏನಿಡಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದು ಕೊಡಬೇಕು ಎಂದು ಕಾಯುತ್ತಿದ್ದೆ. ಅವಳು ಏನನ್ನೂ ತರಲಿಲ್ಲ. ಊಟ ಮುಗಿದು, ಪಾತ್ರೆ ತೊಳೆದು, ಒಲೆ ಸಾರಿಸಿದ ಮೇಲೆ ಒಂದು ಚಾಪೆ ತಂದು ಆ ಗೋಡೆಯ ಉದ್ದಕ್ಕೆ ಹಾಸಿ ಮಲಗಿದಳು. ಹಗಲು ಹೊತ್ತಿನಲ್ಲಿ ಅಮ್ಮ ಮಲಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವಳು ಅಷ್ಟು ಉದ್ದವಿದ್ದಾಳೆ ಎಂಬುದೂ ಗೊತ್ತಿರಲಿಲ್ಲ.

ಅಜ್ಜಿ ನೀರಿಗೆಂದು ಬಂದವಳು ಬಾಗಿಲಲ್ಲೇ ನಿಂತಳು.

"ಏನೇ, ಮೈ ಸರಿಯಿಲ್ವಾ?"

"ಸರಿ ಐತೆ ಅತ್ತೆ."

"ಮತ್ತೆ ಅಲ್ಲಿ ಏನೋ ಇಡಬೇಕು ಅಂತಿದ್ದೆ."

"ಇಟ್ಟೀನಲ್ಲ," ಎಂದಳು ಅಮ್ಮ, ಕಣ್ಣು ತೆರೆಯದೆ.

ಅಜ್ಜಿ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಅಮ್ಮನ ಕಾಲ ಬಳಿ ಸುತ್ತಿಕೊಂಡು ಹೋಗಿ, ಚೊಂಬನ್ನು ಸದ್ದಾಗದ ಹಾಗೆ ಅದ್ದಿ ನೀರು ತೆಗೆದುಕೊಂಡು, ಬರುವಾಗ ಅಡುಗೆಮನೆಯ ಬಾಗಿಲನ್ನು ಮುಂದಕ್ಕೆಳೆದಳು. ಅದೇ ಹೊತ್ತಿಗೆ ಎದುರು ಮನೆಯಾಕೆ ಜಗುಲಿ ಹತ್ತಿ, ಹಪ್ಪಳ ಲಟ್ಟಿಸಲು ಸುಮಿತ್ರನನ್ನು ಒಂದು ಗಳಿಗೆ ಕಳಿಸುತ್ತೀರಾ ಎಂದು ಕೇಳಿದಳು. ಕೇರಿ ಕೇಳಿದ್ದಕ್ಕೆ ಅಜ್ಜಿ ಇಲ್ಲ ಅಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಈಗ ಕೊಡಾಕೆ ಬರಲ್ಲ," ಎಂದಳು ಅಜ್ಜಿ, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತ. "ಸಂಜಿಗೆ ಬಾ."